ಕಣ್ಣಲ್ಲಿ ಕರಗದ ಕೊಬ್ಬು

ಬಸ್ಸಿನ ನಂಬರು ಕಾಣುತ್ತಿಲ್ಲ ಎಂದು ನಾನು ವರ್ಷಗಟ್ಟಲೆ ಹೇಳಿದೆ. ಓದದೇ ಇರಲು ಕಳ್ಳಾಟ ಎಂದರು ಮನೆಯಲ್ಲಿ. ಅಮ್ಮ ಮಾತ್ರ ಮೆಡಿಕಲ್ ಶಾಪಿನಿಂದ ವಿಟಮಿನ್ ಎ ಮಾತ್ರೆ ತಂದು ದಿನಾ ನುಂಗಿಸಿದಳು. ಕೊನೆಗೆ ಹೆಬ್ಬಾಳದ ಕಣ್ಣಿನ ಡಾಕ್ಟರ ಹತ್ತಿರ ಹೋದಾಗ ಆಕೆ ಹೇಳಿದ್ದು, “ಫಸ್ಟ್ ಆ ಮಾತ್ರೆ ನಿಲ್ಸಿ.”

ಆಮೇಲೆ ಚಿತ್ರ ಬರೆದು ವಿವರಿಸಿದರು. ಕಣ್ಣಿನ ಹಿಂದಿನ ಪರದೆಯಲ್ಲಿ ಬೆಳಕು ಹಿಡಿಯುವ ಜೀವಕೋಶಗಳ ತುದಿಯಲ್ಲಿ ಅರ್ಧದಷ್ಟು ಕೊಬ್ಬೇ ಅಂತೆ. ದಿನಾ ಬುಡದಲ್ಲಿ ಹೊಸ ಪದರ ಹುಟ್ಟುತ್ತದೆ, ತುದಿಯಲ್ಲಿ ಹಳೆಯದು ಉದುರುತ್ತದೆ. ಉದುರಿದ್ದನ್ನು ಕೆಳಗಿನ ಕೋಶಗಳು ನುಂಗಿ ಅರಗಿಸಿಕೊಳ್ಳಬೇಕು. ನನ್ನಲ್ಲಿ ಅದು ಪೂರ್ತಿ ಅರಗದೆ ಹಳದಿ ಜಿಡ್ಡಾಗಿ ನಿಂತು, ನೋಟದ ನಟ್ಟನಡುವನ್ನೇ ತಿನ್ನುತ್ತಿತ್ತು. ಆ ಜಿಡ್ಡು ಕಟ್ಟುವುದೇ ವಿಟಮಿನ್ ಎ ಯಿಂದ. ಮದ್ದಿಲ್ಲ.

“ಅಪ್ಪ ಅಮ್ಮ ಸಂಬಂಧದಲ್ಲೇ ಮದ್ವೆ ಆಗಿದ್ದಾ?” ಎಂದು ಡಾಕ್ಟರು ಕೇಳಿದರು.

“ಸ್ವಂತ ಅಕ್ಕನ್ ಮಗ್ಳೇ ಮೇಡಂ,” ಎಂದರು ಅಪ್ಪ, ಹೆಮ್ಮೆಯಿಂದ. “ಜಮೀನು ಆಚೆ ಓಗ್ಬಾರ್ದಲ್ಲ.”

ಅಪ್ಪ, ಅಮ್ಮ ಇಬ್ಬರಿಂದಲೂ ದೋಷ ಬಂದರಷ್ಟೇ ಮಗುವಿಗೆ ಈ ಕಾಯಿಲೆ, ಒಂದೇ ಮನೆತನದಲ್ಲಿ ಹಾಗಾಗುವುದು ಹೆಚ್ಚು ಎಂದರು ಡಾಕ್ಟರು. ಹುಣಸಮಾರನಹಳ್ಳಿಯ ಆ ಜಮೀನು ಅಷ್ಟರಲ್ಲಿ ಬಿಲ್ಡರ್ ಪಾಲಾಗಿತ್ತು. ಅಲ್ಲಿ ಎದ್ದಿರುವ ಅಪಾರ್ಟ್‌ಮೆಂಟಿನ ಮುಂದೆ ಹೋಗುವಾಗ ಈಗಲೂ ನನಗೆ ಮೈ ಉರಿಯುತ್ತದೆ.

ಡಿಗ್ರಿ ಮುಗಿದ ವರ್ಷ ನನ್ನನ್ನು ಅಮ್ಮನ ತಮ್ಮನಿಗೇ ಕೊಡುವುದೆಂದು ಮಾತಾಯಿತು. ಹೊರಗಿನವರಿಗಾದರೆ ಕಣ್ಣಿನ ವಿಷಯ ಹೇಳಬೇಕಲ್ಲ! ತಾಂಬೂಲ ಬದಲಾಯಿಸುವ ದಿನ ಯಲಹಂಕದ ನಮ್ಮ ಮನೆ ತುಂಬ ನೆಂಟರು. ಎಲ್ಲರೆದುರೇ ನಾನು ಬೇಡ ಎಂದೆ. ನನಗೆ ಒಬ್ಬರ ಮುಖ ಕಾಣಬೇಕಾದರೆ ಅವರ ಕಿವಿಯಾಚೆ ನೋಡಬೇಕು. ನೇರ ನೋಡಿದರೆ ಮುಖವಿರುವಲ್ಲಿ ಬರೀ ಬೂದು ಕಲೆ. ಹಾಗಾಗಿ ಅಪ್ಪನನ್ನು ಓರೆಯಾಗಿಯೇ ನೋಡುತ್ತಿದ್ದೆ.

“ಎಂಗ್ ನಾಚ್ಕೋತವ್ಳೆ ನೋಡ್ರವ್ವಾ! ಬಾಯಲ್ ಬ್ಯಾಡ ಅಂತಾಳೆ, ಮನ್ಸಲ್ ಒಪ್ಕೊಂಡವ್ಳೆ,” ಎಂದಳು ಅಜ್ಜಿ. ಅಮ್ಮನ ತಾಯಿಯೂ ಅಪ್ಪನ ಅಕ್ಕನೂ ಅವಳೇ. ಎಲ್ಲರೂ ನಕ್ಕರು.

“ಮಾವನ್ಗೂ ಅದೇ ದೋಷ ಇದ್ರೆ?” ಎಂದೆ. “ನನ್ ಮಗೂಗೂ ಹಿಂಗೇ ಆಗ್ಬೇಕಾ ಅಪ್ಪಾ?”

ನಗು ನಿಂತಿತು. ಅಪ್ಪ ಗದರಿದರು. “ಧೈರ್ಯ ಇದ್ರೆ ನನ್ ಮುಖ ನೋಡ್ಕೊಂಡ್ ಆ ಮಾತ್ ಏಳು.”

ಅಲ್ಲಿಯವರೆಗೂ ಅಪ್ಪನ ಮುಖ ನನಗೆ ಕಾಣುತ್ತಿತ್ತು, ತುಟಿ ನಡುಗುತ್ತಿದ್ದುದೂ ಕಾಣುತ್ತಿತ್ತು. ನೇರ ನೋಡಿದೆ. ಅಪ್ಪ ಅಳಿಸಿಹೋದರು.

“ಮದ್ವೆ ಆಗಲ್ಲ,” ಎಂದೆ.