ವಿಂಗ್ ಕಮಾಂಡರ್‌ಗೆ ತಪ್ಪು ತೋರಿಸಿದ ಮಧ್ಯಾಹ್ನ

ಹೋದ ವರ್ಷ ದಸರಾ ಕಳೆದು ಒಂದು ವಾರವಾಗಿತ್ತು. ಆಯುಧಪೂಜೆಯ ಬ್ಯಾನರ್‌ಗಳ ಗಡಿಬಿಡಿ ಮುಗಿದು, ವಿಜಯನಗರದ ಮಾರ್ಕೆಟ್ ರಸ್ತೆಯಲ್ಲಿರುವ ನನ್ನ ಪ್ರಿಂಟಿಂಗ್ ಅಂಗಡಿಯಲ್ಲಿ ಸ್ವಲ್ಪ ಬಿಡುವು ಸಿಕ್ಕಿತ್ತು. ಅಂಗಡಿಗಳ ಬೋರ್ಡು, ಸ್ಟಿಕ್ಕರು, ನಾಮಕರಣದ ಬ್ಯಾನರು, ಇಂಥವೇ ನನ್ನ ಕೆಲಸ. ಯಜಮಾನರು ತೀರಿಕೊಂಡ ಮೇಲೆ ಒಂಬತ್ತು ವರ್ಷದಿಂದ ನಾನೇ ನಡೆಸಿಕೊಂಡು ಬಂದಿದ್ದೇನೆ. ನಾನು ಓದಿದ್ದು ಕನ್ನಡ ಮೀಡಿಯಂನಲ್ಲಿ ಎಸ್ಸೆಸ್ಸೆಲ್ಸಿವರೆಗೆ.

ಒಂದು ಮಧ್ಯಾಹ್ನ ನೆಟ್ಟಗಿನ ನಿಲುವಿನ, ಕಿವಿಯ ಬಳಿ ನರೆತ ಒಬ್ಬರು ಪೆನ್‌ಡ್ರೈವ್ ಹಿಡಿದು ಬಂದರು.

"ಮೇಡಂ, ಇದನ್ನ ಅಳತೆ ತಪ್ಪದ ಹಾಗೆ ಪ್ರಿಂಟ್ ಮಾಡ್ಕೊಡ್ತೀರಾ?"

ತೆರೆದು ನೋಡಿದರೆ ವಿಮಾನದಲ್ಲಿ ಪೈಲಟ್‌ಗಳು ಕೂರುವ ಜಾಗದ ಚಿತ್ರ. ಎಲ್ಲಿ ನೋಡಿದರೂ ಸ್ವಿಚ್ಚು, ಮೀಟರು, ಗುಂಡಿ. ಅವರ ಹೆಸರು ಶಶಿಧರ್, ಮನೆ ಬಸವೇಶ್ವರನಗರದಲ್ಲಿ. ಇಪ್ಪತ್ತೆರಡು ವರ್ಷ ವಾಯುಪಡೆಯಲ್ಲಿ ಸರಕು, ಸೈನಿಕರನ್ನು ಸಾಗಿಸುವ ವಿಮಾನ ಹಾರಿಸಿ, ವಿಂಗ್ ಕಮಾಂಡರ್ ಆಗಿ ನಿವೃತ್ತರಾದವರು. ಒಂದು ಕಂಪನಿಯವರು ತಮ್ಮ ಪುಟ್ಟ ಜೆಟ್ ವಿಮಾನಕ್ಕೆ ಪೈಲಟ್ ಆಗಿ ತೆಗೆದುಕೊಳ್ಳಲು ಒಪ್ಪಿದ್ದರಂತೆ. ಆದರೆ ಸೇನೆಯಲ್ಲಿ ಎಷ್ಟೇ ಹಾರಿಸಿದ್ದರೂ ಆ ಜೆಟ್ ಓಡಿಸಬೇಕಾದರೆ ಅದರದ್ದೇ ಬೇರೆ ತರಬೇತಿ, ಬೇರೆ ಪರೀಕ್ಷೆ. ಅದಕ್ಕೆ 'ಟೈಪ್ ರೇಟಿಂಗ್' ಅನ್ನುತ್ತಾರಂತೆ. ಪರೀಕ್ಷೆಗೆ ಮುಂಚೆ ಈ ಚಿತ್ರದ ಎದುರು ಕೂತು ಕೈ ಪಳಗಿಸಿಕೊಳ್ಳಬೇಕು ಅಂದರು.

ಚಿತ್ರ ತಾನೆ ಅಂತ ನಾನು ಹಾಳೆಯ ಅಗಲಕ್ಕೆ ಕುಗ್ಗಿಸಿ ಪ್ರಿಂಟ್ ಹಾಕಿಬಿಟ್ಟೆ. ಅವರು ಜೇಬಿನಿಂದ ಟೇಪ್ ತೆಗೆದು ಅಳೆದರು.

"ಗುಂಡಿಯಿಂದ ಗುಂಡಿಗೆ ಎರಡಿಂಚು ಕಡಿಮೆ ಬಂದಿದೆ ಮೇಡಂ. ಹೀಗಾದ್ರೆ ಕೈ ತಪ್ಪು ಜಾಗ ಕಲಿಯುತ್ತೆ."

ನಾಚಿಕೆಯಾಯಿತು. ಮೂರು ತುಂಡಾಗಿ ಸರಿಯಾದ ಅಳತೆಗೆ ಪ್ರಿಂಟ್ ಮಾಡಿ, ಬೋರ್ಡಿನ ಮೇಲೆ ಜೋಡಿಸಿ ಅಂಟಿಸಿಕೊಟ್ಟೆ. ಆದರೆ ಅಷ್ಟು ದೊಡ್ಡದನ್ನು ಇಡಲು ಅವರ ಮನೆಯಲ್ಲಿ ಜಾಗವಿರಲಿಲ್ಲ. ಒಂದು ಕೋಣೆಯಲ್ಲಿ ಹಾಸಿಗೆ ಹಿಡಿದ ತಾಯಿ, ಇನ್ನೊಂದರಲ್ಲಿ ಪಿಯುಸಿ ಓದುವ ಮಗಳು. ನನ್ನ ಅಂಗಡಿಯ ಹಿಂದೆ ರೋಲ್‌ಗಳನ್ನು ಇಡುವ ಸಣ್ಣ ಕೋಣೆ ಇದೆ.

"ಇಲ್ಲೇ ಇಟ್ಕೊಳ್ಳಿ ಸಾರ್, ಎರಡರಿಂದ ನಾಲ್ಕು ಗಂಟೆ ತನಕ ಅಂಗಡೀಲಿ ಯಾರೂ ಇರಲ್ಲ" ಅಂದೆ.

ದಿನಾ ಬರತೊಡಗಿದರು. ಆದರೆ ಆ ಅಭ್ಯಾಸಕ್ಕೆ ಇಬ್ಬರು ಬೇಕು. ಒಬ್ಬರು ಸ್ವಿಚ್‌ಗಳ ಪಟ್ಟಿ ನೋಡಿ ಒಂದೊಂದಾಗಿ ಓದಬೇಕು, ಇನ್ನೊಬ್ಬರು ಆ ಸ್ವಿಚ್ ಮುಟ್ಟಿ ಉತ್ತರ ಹೇಳಬೇಕು. ನಾಲ್ಕನೇ ದಿನ ಅವರು ಸಂಕೋಚದಿಂದಲೇ, "ನೀವು ಓದ್ತೀರಾ ಮೇಡಂ?" ಅಂದರು.

ನಾಳೆ ಓದ್ತೀನಿ ಅಂತ ಪಟ್ಟಿ ಇಸ್ಕೊಂಡೆ. ಅವತ್ತು ಮನೆಯಲ್ಲಿ ಕೂತು ಆ ಇಂಗ್ಲಿಷ್ ಪದಗಳನ್ನೆಲ್ಲ ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ. ಮರುದಿನ ನಾನು ಓದಿದ್ದನ್ನು ಕೇಳಿ ಅವರು ನಕ್ಕುಬಿಟ್ಟರು. "ಬೇಜಾರು ಮಾಡ್ಕೋಬೇಡಿ, ರೇಡಿಯೋದಲ್ಲಿ ಇದಕ್ಕಿಂತ ಕೆಟ್ಟದಾಗಿ ಕೇಳಿಸ್ಕೊಂಡಿದೀನಿ. ಓದಿ, ಓದಿ."

ಎರಡನೇ ವಾರ ಎಂಜಿನ್‌ಗೆ ಬೆಂಕಿ ಬಿದ್ದರೆ ಮಾಡಬೇಕಾದ್ದನ್ನು ಶುರು ಮಾಡಿದೆವು. ನಾನು "ಎಂಜಿನ್ ಫೈರ್" ಅಂದ ತಕ್ಷಣ ಅವರು ಕಣ್ಣೆದುರಿನ ಕೆಂಪು ಗುಂಡಿ ಮುಟ್ಟಬೇಕು. ಮುಟ್ಟುತ್ತಿದ್ದರು. ಆದರೆ ಪ್ರತಿ ಸಲವೂ ಕೈ ಮೊದಲು ಚೂರು ಮೇಲಕ್ಕೆದ್ದು, ಆಮೇಲೆ ಕೆಳಗಿಳಿಯುತ್ತಿತ್ತು. ಹೇಳಲೋ ಬೇಡವೋ ಅಂತ ಎರಡು ದಿನ ಸುಮ್ಮನಿದ್ದೆ. ಮೂರನೇ ದಿನ ತಡೆಯಲಾಗಲಿಲ್ಲ.

"ಸಾರ್, ಕೈ ಮೊದಲು ಮೇಲಕ್ಕೆ ಹೋಗ್ತಾ ಇದೆ."

"ಇಲ್ಲವಲ್ಲ. ನೇರ ಗುಂಡಿಗೇ ಹೋಗ್ತಿದೆ."

"ಹೋಗ್ತಿದೆ ಸಾರ್, ನಾನು ನೋಡ್ತಾನೇ ಇದೀನಿ."

ಅವರ ಹುಬ್ಬು ಗಂಟಿಕ್ಕಿತು. "ಮೇಡಂ, ನಾನು ಇಪ್ಪತ್ತೆರಡು ವರ್ಷ ಹಾರಿಸಿದೀನಿ."

ನಾನು ಮೊಬೈಲ್ ತೆಗೆದು, "ಇನ್ನೊಂದ್ಸಲ ಮಾಡಿ" ಅಂದು ವಿಡಿಯೋ ಹಿಡಿದು ತೋರಿಸಿದೆ. ಮೂರು ಸಲ ನೋಡಿದರು. ಮೊಬೈಲ್ ವಾಪಸ್ ಕೊಟ್ಟು ಎದ್ದುಹೋದರು.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ದೇಶಕ್ಕಾಗಿ ದುಡಿದ ಮನುಷ್ಯನಿಗೆ ಬೋರ್ಡು ಪ್ರಿಂಟ್ ಮಾಡುವ ನಾನು ಬುದ್ಧಿ ಹೇಳಲು ಹೋದೆನಲ್ಲ ಅಂತ ನನ್ನನ್ನೇ ಬೈದುಕೊಂಡೆ.

ಮೂರನೇ ದಿನ ಬೆಳಿಗ್ಗೆ ಶಟರ್ ಎತ್ತಲು ಹೋದರೆ ಅವರು ಮೆಟ್ಟಿಲ ಮೇಲೆ ಕೂತಿದ್ದರು.

"ಒಂದು ವಿಷಯ ಹೇಳಿರ್ಲಿಲ್ಲ ಅಕ್ಕಾ" ಅಂದರು. ಅಕ್ಕ ಅಂದದ್ದು ಅದೇ ಮೊದಲು. "ಈ ಪರೀಕ್ಷೇಲಿ ನಾನು ಒಂದ್ಸಲ ಫೇಲ್ ಆಗಿದೀನಿ. ಮನೇಲಿ, ಕಂಪನೀಲಿ ಬಿಟ್ರೆ ಯಾರಿಗೂ ಗೊತ್ತಿಲ್ಲ. ಬೆಂಕಿ ವಿಷಯದಲ್ಲಿ ಕೈ ತಡ ಆಗ್ತಿದೆ ಅಂತ ಪರೀಕ್ಷೆ ಮಾಡೋರು ಅಂದಿದ್ರು. ಯಾಕೆ ಅಂತ ನಂಗೇ ಹೊಳೀಲಿಲ್ಲ. ನನ್ನ ಹಳೇ ವಿಮಾನದಲ್ಲಿ ಆ ಗುಂಡಿ ತಲೆ ಮೇಲಿತ್ತು. ಕೈ ಇನ್ನೂ ಅಲ್ಲೇ ಹುಡುಕ್ತಾ ಇದೆ. ಇರೋದು ಇನ್ನೊಂದೇ ಅವಕಾಶ. ಅದೂ ತಪ್ಪಿದ್ರೆ ಕಂಪನಿಯವರು ಬೇರೆಯವರನ್ನ ತಗೋತಾರೆ."

"ಹಾಗಾದ್ರೆ ಬನ್ನಿ ಸಾರ್, ಒಳಗೆ ಕೂತ್ಕೊಳ್ಳಿ" ಅಂದೆ.

ಅವತ್ತಿನಿಂದ ನಾನು ದಾಕ್ಷಿಣ್ಯ ಬಿಟ್ಟೆ. ನಡುನಡುವೆ, ಅವರು ಬೇರೆ ಏನೋ ಮಾಡುತ್ತಿರುವಾಗ, ಇದ್ದಕ್ಕಿದ್ದ ಹಾಗೆ "ಎಂಜಿನ್ ಫೈರ್" ಅನ್ನುತ್ತಿದ್ದೆ. ಕಾಫಿ ಲೋಟ ಎತ್ತುವಾಗಲೂ ಬಿಡುತ್ತಿರಲಿಲ್ಲ. "ಮೇಲೆ ಹೋಯ್ತು ಸಾರ್. ಮತ್ತೆ." ಅವರು ಮತ್ತೆ ಮಾಡುತ್ತಿದ್ದರು. ಹತ್ತು ಹನ್ನೆರಡು ದಿನ ಕಳೆದ ಮೇಲೆ, ಒಂದು ಮಧ್ಯಾಹ್ನ ನಾನು ಎಷ್ಟು ಕಣ್ಣಿಟ್ಟು ನೋಡಿದರೂ ಆ ಕೈ ಮೇಲೇಳಲೇ ಇಲ್ಲ.

ಪರೀಕ್ಷೆ ನಡೆಯುವುದು ಬೇರೆ ಊರಲ್ಲಿ, ಸಿಮ್ಯುಲೇಟರ್ ಅನ್ನುವ ನಕಲಿ ವಿಮಾನದಲ್ಲಂತೆ. ಹೋದವರು ಫೋನ್ ಮಾಡಲಿಲ್ಲ. ಐದನೇ ದಿನ ವಿಮಾನ ನಿಲ್ದಾಣದಿಂದ ನೇರವಾಗಿ ಬ್ಯಾಗ್ ಸಮೇತ ಅಂಗಡಿಗೇ ಬಂದರು. ನಾನು ಗಿರಾಕಿಯೊಬ್ಬರಿಗೆ ಬ್ಯಾನರ್ ಸುತ್ತಿಕೊಡುತ್ತಿದ್ದೆ.

"ಪಾಸಾದೆ ಅಕ್ಕಾ. ಹಾರಿಸಿ ಎರಡೇ ನಿಮಿಷಕ್ಕೆ 'ಎಂಜಿನ್ ಫೈರ್' ಅಂತ ಕೊಟ್ರು. ಕೈ ನೇರ ಹೋಯ್ತು."

ಆಮೇಲೆ ಆ ಗಿರಾಕಿಯ ಕಡೆ ತಿರುಗಿ, "ಇವರು ನನ್ನ ಟೀಚರ್ ಸಾರ್" ಅಂದರು. ಆ ಮನುಷ್ಯ ಏನೂ ಅರ್ಥವಾಗದೆ ಬ್ಯಾನರ್ ಹಿಡಿದುಕೊಂಡು ನಮ್ಮಿಬ್ಬರ ಮುಖ ನೋಡುತ್ತ ನಿಂತಿದ್ದರು. ನನಗೆ ಅಳು ನಗು ಎರಡೂ ಒಟ್ಟಿಗೇ ಬಂತು.

ಶಶಿಧರ್ ಸಾರ್ ಈಗ ಆ ಜೆಟ್ ಹಾರಿಸುತ್ತಿದ್ದಾರೆ. ಮೊನ್ನೆ ಒಬ್ಬ ಹೆಣ್ಣುಮಗಳು ಅಂಗಡಿಗೆ ಬಂದಳು. ವಾಯುಪಡೆಯಲ್ಲಿ ಪೈಲಟ್ ಆಗಿದ್ದವಳಂತೆ, ಅವಳಿಗೂ ಅದೇ ಪರೀಕ್ಷೆ.

"ಪ್ರಿಂಟ್ ಎಲ್ಲಿ ಬೇಕಾದ್ರೂ ಸಿಗುತ್ತೆ ಆಂಟಿ" ಅಂದಳು. "ಆದ್ರೆ ತಪ್ಪು ಮಾಡಿದ್ರೆ ಮುಖ ನೋಡದೆ ಹೇಳೋರು ಬೇಕು ಅಂದ್ರೆ ಇಲ್ಲಿಗೇ ಹೋಗು ಅಂತ ಶಶಿಧರ್ ಸರ್ ಕಳಿಸಿದ್ರು."

ದೊಡ್ಡವರಿಗೆ ತಪ್ಪು ತೋರಿಸಬಾರದು ಅಂದುಕೊಂಡೇ ಬೆಳೆದವಳು ನಾನು. ತೋರಿಸಿದ್ದು ಒಳ್ಳೆಯದೇ ಆಯಿತು ಅಂತ ಈಗ ಹೆಮ್ಮೆಯಿದೆ. ಆದರೆ ಅವರು ಆ ಅವಮಾನ ನುಂಗಿಕೊಂಡು ಮೂರನೇ ದಿನ ಮೆಟ್ಟಿಲ ಮೇಲೆ ಬಂದು ಕೂತರಲ್ಲ, ಅಷ್ಟು ದೊಡ್ಡತನ ನನ್ನಲ್ಲಿದೆಯೇ ಅಂತ ನನ್ನನ್ನು ನಾನೇ ಕೇಳಿಕೊಳ್ಳುತ್ತಿರುತ್ತೇನೆ.