ಪಂಪಿನ ಮೇಲೊಂದು ಹೊಟ್ಟೆಕಿಚ್ಚು

ಎರಡನೇ ಸಲ ಬಿಸಿ ಮಾಡಿದ ಸಾರಿಗೆ ಒಂದು ಮುನಿಸು ಬರುತ್ತದೆ, ಗಮನಿಸಿದ್ದೀರಾ ಮಕ್ಕಳೇ? ಒಗ್ಗರಣೆಯ ಘಮ ಹೋಗಿ ಹುಳಿಯೊಂದೇ ಮುಂದೆ ಬಂದು ನಿಲ್ಲುತ್ತದೆ. ನೀವಿನ್ನೂ ಹುಟ್ಟದಿದ್ದ ಕಾಲದಲ್ಲಿ, ತಮಿಳು ಸೀಮೆಯ ಪೋರೂರಿನ ಮನೆಯಲ್ಲಿ, ನಾನು ದಿನಾ ಸಂಜೆ ಅಂಥ ಸಾರನ್ನು ಮುಂದಿಟ್ಟುಕೊಂಡು ನಿಮ್ಮ ಅಮ್ಮನಿಗಾಗಿ ಕಾಯುತ್ತಿದ್ದೆ. ಮನೆಯವರೆಲ್ಲ ಬರುವ ಮುನ್ನ ಹೆಂಗಸು ತಟ್ಟೆ ಹಾಕಿಕೊಳ್ಳಬಾರದೆಂದು ನನ್ನ ಅತ್ತೆ ಕಲಿಸಿದ್ದರು. ನಿಮ್ಮ ತಾತ ಹೋದ ಮೇಲೂ ಆ ಪಾಠ ನನ್ನನ್ನು ಬಿಟ್ಟು ಹೋಗಿರಲಿಲ್ಲ.

ನಿಮ್ಮ ಅಮ್ಮ ಸುಧಾ ಆಗ ಮೀನಂಬಾಕ್ಕಂ ವಿಮಾನ ನಿಲ್ದಾಣದ ಬಳಿ, ವಿಮಾನದ ಬಿಡಿಭಾಗಗಳನ್ನು ರಿಪೇರಿ ಮಾಡುವ ಕಾರ್ಖಾನೆಯಲ್ಲಿ ಇಂಜಿನಿಯರು. ನನ್ನ ಮಗ, ಅಂದರೆ ನಿಮ್ಮ ಅಪ್ಪ, ತನ್ನ ಆಫೀಸು ಮುಗಿಸಿ ಅವಳನ್ನು ಸ್ಕೂಟರಿನಲ್ಲಿ ಕರೆತರುತ್ತಿದ್ದ. ತಡವಾದದ್ದಕ್ಕೆ ನನಗೆ ಬೇಸರವಿರಲಿಲ್ಲ. ಅವರಿಬ್ಬರ ಜೊತೆ ದಿನಾ ಕಾರ್ಖಾನೆಗೆ ರಿಪೇರಿಗೆ ಬಂದ ಒಂದು ಪಂಪೂ ಮನೆಗೆ ಬರುತ್ತಿತ್ತು, ಅದೇ ತೊಂದರೆ. ಕೈಯಲ್ಲಲ್ಲ, ಬಾಯಲ್ಲಿ.

"ಪಾವಂ ರೀ ಅದು, ಪಾಪ," ಎಂದು ಊಟಕ್ಕೆ ಕೂತೊಡನೆ ಸುಧಾ ಶುರು ಮಾಡುತ್ತಿದ್ದಳು. "ರಿಪೇರಿ ಅರ್ಧ ದಿನದ್ದು. ಮಿಕ್ಕ ದಿನವೆಲ್ಲ ಸುಮ್ನೆ ಕೂತಿರುತ್ತೆ. ವಾಷರ್‌ಗೆ ಕಾಯೋದು, ಟೆಸ್ಟಿಂಗಿಗೆ ಕಾಯೋದು, ಸಹಿಗೆ ಕಾಯೋದು. ಕೇಳೋರೇ ಇಲ್ಲ!"

"ಛೆ, ಎಷ್ಟು ದಿನದಿಂದ?" ಎಂದು ನಿಮ್ಮ ಅಪ್ಪ ತುತ್ತನ್ನು ಕೈಯಲ್ಲೇ ಹಿಡಿದು ಕೇಳುತ್ತಿದ್ದ, ಹತ್ತಿರದ ನೆಂಟರು ಯಾರೋ ಆಸ್ಪತ್ರೆಯಲ್ಲಿದ್ದಾರೇನೋ ಎಂಬಂತೆ.

ನನಗೆ ಉರಿಯುತ್ತಿತ್ತು. ಓರಗಿತ್ತಿಯ ಒಡವೆಯ ಮೇಲೆ ಹೊಟ್ಟೆಕಿಚ್ಚು ಪಟ್ಟದ್ದುಂಟು. ಕಬ್ಬಿಣದ ತುಂಡಿನ ಮೇಲೆ ಪಟ್ಟವಳು ನಮ್ಮ ವಂಶದಲ್ಲಿ ನಾನೊಬ್ಬಳೇ ಇರಬೇಕು. ಆ ಪಂಪಿನ ಬಗ್ಗೆ ಕೇಳಿದ್ದರಲ್ಲಿ ಕಾಲು ಭಾಗ ನನ್ನ ಬಗ್ಗೆ ಕೇಳಿದ್ದರೆ ಸಾಕಿತ್ತು. ಬಾಯಿಬಿಟ್ಟು ಹೇಳಲು ಸಂಕೋಚ. ಹಳ್ಳಿಯ ಶಾಲೆಯಲ್ಲಿ ಮೇಷ್ಟರು ಹೆಸರು ಕೂಗಿದಾಗ ಉತ್ತರಿಸಲು ನಾಚಿ, ಎದುರಿಗೇ ಕೂತು ಗೈರುಹಾಜರಿ ಹಾಕಿಸಿಕೊಂಡವಳು ನಾನು.

ಒಂದು ಭಾನುವಾರ ಕಾರ್ಖಾನೆಯವರು ಕೆಲಸಗಾರರ ಮನೆಮಂದಿಯನ್ನೆಲ್ಲ ಕರೆದರು. ವೈರಿಯನ್ನು ಕಣ್ಣಾರೆ ನೋಡುವ ಆಸೆಯಿಂದ ರೇಷ್ಮೆ ಸೀರೆ ಉಟ್ಟು ಹೋದೆ. ಪಂಪು ನಮ್ಮ ಕುಕ್ಕರಿನಷ್ಟೂ ಇರಲಿಲ್ಲ. ಆದರೆ ಅದಕ್ಕೆ ಸಿಗುತ್ತಿದ್ದ ಉಪಚಾರ! ಹಳದಿ ಗೆರೆ ಎಳೆದು ಅದಕ್ಕೆಂದೇ ಒಂದು ಜಾಗ, ಬೇಕಾದ ಸಾಮಾನೆಲ್ಲ ಮೊದಲೇ ಜೋಡಿಸಿಟ್ಟ ಒಂದು ತಟ್ಟೆ. ತಟ್ಟೆ ತುಂಬದೆ ಪಂಪನ್ನು ಬಿಚ್ಚುವಂತಿಲ್ಲ, ಒಂದು ರಿಪೇರಿಯಾಗಿ ಹೊರಬೀಳದೆ ಇನ್ನೊಂದಕ್ಕೆ ಕೈಹಾಕುವಂತಿಲ್ಲ. ಹಿಂದೆಲ್ಲ ಸುಮ್ಮನೆ ಕೂತಂತೆ ಕಾಣಬಾರದೆಂದು ಎಲ್ಲರೂ ಹೊಸಹೊಸದನ್ನು ಬಿಚ್ಚುತ್ತಾ ಹೋಗಿ, ಕಾರ್ಖಾನೆಯ ತುಂಬ ಅರೆಬಿಚ್ಚಿದ ಪಂಪುಗಳೇ ಬಿದ್ದಿರುತ್ತಿದ್ದವಂತೆ. ಇದನ್ನೆಲ್ಲ ಸರಿಪಡಿಸಿದವಳು ಸುಧಾ ಎಂದು ಅವಳ ಮೇಲಧಿಕಾರಿ ತಮಿಳಿನಲ್ಲಿ ಹೊಗಳಿದಾಗ ನನಗೆ ಹೆಮ್ಮೆಯಾಯಿತು. ಹೆಮ್ಮೆಯಾಯಿತಲ್ಲಾ ಎಂದು ಇನ್ನಷ್ಟು ಉರಿಯಿತು.

ಪಂಪಿಗೆ ಕಟ್ಟಿದ್ದ ಕೆಂಪು ಚೀಟಿ ತೋರಿಸಿ, "ಇದೇನೇ?" ಎಂದೆ.

"ಅದು ಯಾರಿಗೆ ಕಾಯ್ತಿದೆ ಅಂತ ಬರ್ದಿರೋದು ಅತ್ತೆ. ಅದಕ್ಕೆ ಬಾಯಿಲ್ವಲ್ಲ."

"ಬಾಯಿದ್ದೂ ಕಾಯೋರಿಗೆ ಚೀಟಿ ಯಾರು ಕಟ್ತಾರೆ?" ಮಾತು ಜಾರಿಬಿಟ್ಟಿತ್ತು.

"ಯಾರು ಅತ್ತೆ ಕಾಯ್ತಿರೋದು?"

"ನಾನೇ ಕಣೇ. ದಿನಾ ಊಟಕ್ಕೆ, ನಿನಗೋಸ್ಕರ."

"ಅಯ್ಯಯ್ಯೋ! ನಿಮಗೆ ಲೇಟಾಗಿ ಉಣ್ಣೋದೇ ಅಭ್ಯಾಸ ಅಂದ್ರಲ್ಲ ಇವ್ರು!" ಸುಧಾ ನನ್ನ ಕೈ ಹಿಡಿದುಕೊಂಡಳು. "ಎಷ್ಟು ದಿನದಿಂದ ಅತ್ತೆ?"

"ನೀನು ಈ ಮನೆಗೆ ಬಂದಾಗಿನಿಂದ."

ಮರುದಿನ ಸಂಜೆ ಕಾರ್ಖಾನೆಯಿಂದಲೇ ಫೋನು: "ನೀವು ಉಂಡುಬಿಡಿ ಅತ್ತೆ, ನನಗೆ ಲೇಟು." ಮನಸ್ಸಿನಲ್ಲೇ ನನ್ನ ಅತ್ತೆಯ ಕ್ಷಮೆ ಕೇಳಿ ಒಬ್ಬಳೇ ಉಂಡೆ. ಸಾರು ಘಮಘಮ ಎನ್ನುತ್ತಿತ್ತು. ಆದರೆ ಎದುರಿಗೆ ಯಾರೂ ಇಲ್ಲದ ಊಟ ಎಷ್ಟು ಬೇಗ ಮುಗಿದುಹೋಗುತ್ತದೆ! ಅವರಿಬ್ಬರೂ ಬಂದು ತಟ್ಟೆಯ ಮುಂದೆ ಕೂತಾಗ ನಾನೂ ಪಕ್ಕದಲ್ಲಿ ಕೂತು, ನಾಚಿಕೆ ಬಿಟ್ಟು ಕೇಳಿದೆ: "ಹೊರಟಿತೇನೇ ನಿನ್ನ ಪಂಪು?"

ಸುಧಾ ಗಂಡನತ್ತ ಬೆನ್ನು ಮಾಡಿ ಪೂರ್ತಿ ನನ್ನ ಕಡೆಗೇ ತಿರುಗಿದಳು. "ಕೇಳಿ ಅತ್ತೆ, ಇವತ್ತು ಏನಾಯ್ತು ಅಂದ್ರೆ..."

ಕಥೆ ಬಹಳ ಹೊತ್ತು ನಡೆಯಿತು. ನಡುವೆ ನಿಮ್ಮ ಅಪ್ಪ, "ನನಗೂ ಯಾರಾದ್ರೂ ಹೇಳ್ತೀರಾ?" ಎಂದ. ಅವನ ಮುಖದಲ್ಲಿ ನನಗೆ ಚೆನ್ನಾಗಿ ಪರಿಚಯವಿದ್ದ ಉರಿಯೇ ಇತ್ತು. ನಾನು ಅವನಿಗೆ ಇನ್ನೊಂದು ಸೌಟು ಸಾರು ಬಡಿಸಿ, "ಆಮೇಲೇನಾಯ್ತೇ?" ಎಂದು ಸುಧಾಳನ್ನು ಕೇಳಿದೆ.