ಗುಡಿಗೆ ಮರಳದ ಮಣ್ಣಿನ ನಾಯಿ

ಬೆಳಗ್ಗೆ ಆರೂ ಇಪ್ಪತ್ತು. ಕುವಾನೊ ತೊಮಿಯೆ ಗೋಡೆಯ ಹಲಗೆಯ ಮುಂದೆ ನಿಂತು, ಸುಟ್ಟ ಮಣ್ಣಿನ ಬಿಳಿ ನಾಯಿಯೊಂದರ ಮುಖವನ್ನು ಗೋಡೆಯ ಕಡೆ ತಿರುಗಿಸುತ್ತಿದ್ದಳು. ನಿನ್ನೆಯೂ ತಿರುಗಿಸಿದ್ದಳು. ಬೆಳಗಾಗುವಷ್ಟರಲ್ಲಿ ಅದು ಮತ್ತೆ ಬಾಗಿಲನ್ನು ನೋಡುತ್ತಿತ್ತು. ರೈಲು ಹಾದಾಗಿನ ಅದುರಾಟಕ್ಕೆ ತಿರುಗಿರಬೇಕೆಂದು, ಹಲಗೆ ವಾಲಿದೆಯೇ ಎಂದು ಮಟ್ಟಗೋಲಿಟ್ಟು ನೋಡಿದ್ದಳು. ಅದರ ಗಾಜಿನೊಳಗಿನ ಗಾಳಿಗುಳ್ಳೆ ನಟ್ಟನಡುವೆ ನಿಂತಿತ್ತು. ಉಳಿದ ನಾಯಿಗಳು ಕೂದಲೆಳೆಯಷ್ಟೂ ಕದಲಿರಲಿಲ್ಲ.

ಊರಿನವರಿಗೆ ಅವಳು ಮಣ್ಣಿನ ನಾಯಿಗಳ ಹುಚ್ಚಿ. ಸಂತೆ, ಹಳೆ ಸಾಮಾನಿನಂಗಡಿ, ಮುಚ್ಚಿಹೋದ ಕುಂಬಾರರ ಆವಿಗೆಗಳ ಹಿತ್ತಿಲು, ಎಲ್ಲೆಲ್ಲಿಂದಲೋ ತಂದು ಜೋಡಿಸಿದ್ದಳು. ಮೊದಲನೆಯದಾದ ಈ ಬಿಳಿ ನಾಯಿ ಮಾತ್ರ ಕೊಂಡದ್ದಲ್ಲ. ನಾಯಿಯಂತೆ ಸುಲಭವಾಗಿ ಹೆರಲೆಂದು ಬಸುರಿಯರು ಐದನೆಯ ತಿಂಗಳಲ್ಲಿ, ಪಂಚಾಂಗದಲ್ಲಿ ಹನ್ನೆರಡು ದಿನಕ್ಕೊಮ್ಮೆ ಬರುವ ನಾಯಿಯ ದಿನ, ಗುಡ್ಡದ ಗುಡಿಯಿಂದ ಒಂದು ಮಣ್ಣಿನ ನಾಯಿಯನ್ನು ಎರವಲು ತರುತ್ತಾರೆ. ಸುಖವಾಗಿ ಹೆತ್ತ ಮೇಲೆ ಜೊತೆಗೊಂದು ಹೊಸದನ್ನಿಟ್ಟು ಮರಳಿಸುತ್ತಾರೆ. ತೊಮಿಯೆ ಹೆತ್ತ ಹೆಣ್ಣುಮಗು ಉಸಿರೆಳೆಯಲಿಲ್ಲ. ಅಂಥವರು ಏನು ಮಾಡಬೇಕೆಂದು ಯಾರೂ ಹೇಳಿರಲಿಲ್ಲ. ಮರಳಿಸಲು ಮುಖವಿಲ್ಲದೆ, ಅದು ಒಂಟಿಯಾಗಿ ಕಣ್ಣಿಗೆ ಬೀಳದಿರಲೆಂದು ಸುತ್ತ ಬೇರೆ ನಾಯಿಗಳನ್ನು ತಂದಿಡುತ್ತ ಹೋದಳು.

ಅದೇ ಮುಂಜಾನೆ ಪಕ್ಕದ ಮನೆಯ ಬಸುರಿ ಚಿಹೊ ಬಂದಳು.

"ದೊಡ್ಡಮ್ಮ, ಗುಡಿ ಹಲಗೆ ಬೋಳು ಬೋಳು! ಊರ ನಾಯಿಗಳನ್ನೆಲ್ಲ ನೀವೇ ಸಾಕ್ಕೊಂಡ್ರೆ ನಮಗೇನು ಗತಿ? ನಾಳೆ ನಾಯಿ ದಿನ. ಒಂದು ಕೊಡಿ."

"ಅಂಗಡೀಲಿ ಸಿಗಲ್ವೇನೇ?"

"ಮಾಡೋ ಅಜ್ಜನೇ ಹೋದ್ನಲ್ಲ. ಓ, ಇದೇ ಇರ್ಲಿ! ನನ್ನನ್ನೇ ನೋಡ್ತಿದೆ."

ತೊಮಿಯೆ ತಿರುಗಿದಳು. ಬಿಳಿ ನಾಯಿಯನ್ನು ಗೋಡೆಗೆ ತಿರುಗಿಸಿ ಇನ್ನೂ ಗಂಟೆಯಾಗಿರಲಿಲ್ಲ.

"ಮುಟ್ಬೇಡ!"

ಚಿಹೊ ಚಾಚಿದ ಕೈಯನ್ನು ಹೊಟ್ಟೆಗೆ ಒತ್ತಿಕೊಂಡಳು. "ಮಣ್ಣಿನ ನಾಯಿಗೂ ಇಷ್ಟು ಜಿಪುಣತನಾನಾ?"

"ಗುಡಿಯಿಂದ್ಲೇ ತರ್ಬೇಕು ಕಣೇ, ನನ್ನ ಮನೆಯಿಂದಲ್ಲ. ನಾಳೆ ಹೋಗು. ಇರುತ್ತೆ."

ಮಧ್ಯಾಹ್ನ ತೊಮಿಯೆ ಬಿಳಿ ನಾಯಿಯನ್ನೂ ಹಲಗೆಯಲ್ಲಿದ್ದ ಅತಿ ದುಂಡಗಿನದನ್ನೂ ಬಟ್ಟೆಯಲ್ಲಿ ಗಂಟು ಕಟ್ಟಿ ಗುಡ್ಡ ಹತ್ತಿದಳು. ಪೂಜಾರಿಯ ಹೆಂಡತಿ ಹಿಸಾಯೊ ಈ ಊರಿಗೆ ಈಚೆಗೆ ಬಂದವಳು, ಹಳೆಯದೇನೂ ತಿಳಿಯದು. ಗಂಟು ಬಿಚ್ಚಿ ಬೆರಗಾದಳು.

"ಅಯ್ಯೋ, ಎಷ್ಟು ಹಳೇದಿದು! ಈಗ ಮನೆ ದಾರಿ ನೆನಪಾಯ್ತಾ ಇದಕ್ಕೆ?"

"ಹಳೇದನ್ನ ಒಳಗೇ ಇಟ್ಕೊಳ್ಳಿ. ಯಾರಿಗೂ ಕೊಡ್ಬೇಡಿ. ಇನ್ನೊಂದನ್ನ ನಾಳೆ ಚಿಹೊಗೆ ಕೊಡಿ."

"ಆಗ್ಲಿ. ದುಡಿದು ದಣಿದಿದೆ ಪಾಪ, ಮಲಗ್ಲಿ." ಹಿಸಾಯೊ ಎರಡನ್ನೂ ಅಕ್ಕಪಕ್ಕ ಕೂರಿಸಿ ನಕ್ಕಳು. "ಜೋಡಿ ತಂದಿದ್ದೀರಿ ಅಂದ್ಮೇಲೆ ಮಗು ಚೆನ್ನಾಗಿದೆ ಅಂತಾಯ್ತು. ಈಗೆಷ್ಟು ವಯಸ್ಸು?"

ಇಷ್ಟು ಕಾಲ ಯಾರೂ ಕೇಳಿರದ ಪ್ರಶ್ನೆ. ಬಿಳಿ ನಾಯಿ ಅವಳನ್ನೇ ನೋಡುತ್ತಿತ್ತು. ತೊಮಿಯೆ ಲೆಕ್ಕ ಹಾಕಬೇಕಾಗಲಿಲ್ಲ.

"ಮೂವತ್ತೊಂದು."